ಸರದಿ ತಾರೀಕು

ಮಿಕ್ಸಿ ಬೇಡ ಅಂದಳು ಮಮ್ಮಿ.
ಅಲ್ಲಿ ಕರೆಂಟೇ ಬೇರೆಯಂತೆ,
ಇಲ್ಲಿಯದು ಅಲ್ಲಿ ತಿರುಗುವುದಿಲ್ಲವಂತೆ.
ನನಗಾಗ ಏಳು ವರ್ಷ.
ಶಿಕಾಗೋದ ಹಿಲ್ಡಾ ಮಾವ್ಶಿ
ತಂಗಿಯ ಹೆಸರಿಗೆ ಅರ್ಜಿ ಹಾಕಿದ ವರ್ಷ.
ಆಮೇಲೆ ಹದಿನೈದು ವರ್ಷ ಜೆಪ್ಪುವಿನ ಮನೆಯಲ್ಲಿ
ಮೀನಿನ ಮಸಾಲೆಗೆ ಕಡೆಯುವ ಕಲ್ಲೇ ಗತಿ.

ಸೋಫಾ ಬೇಡ, ಹೋಗುವವರಿಗೆ ಎಂತಕ್ಕೆ.
ಫ್ರಿಜ್ಜು ಬೇಡ, ಮಾರುವಾಗ ಅರ್ಧಕ್ಕೂ ಯಾರೂ ಕೇಳುವುದಿಲ್ಲ.
ಬಂಗುಡೆ ಅಂದಂದಿಗೆ ತಂದರಾಯಿತು.
ಕುಲಶೇಖರದಲ್ಲಿ ಹನ್ನೆರಡು ಸೆಂಟ್ಸ್ ಜಾಗ,
ಲಾದ್ರು ಪೊರ್ಬು ಮನೆವರೆಗೆ ಬಂದು ಹೇಳಿದ್ದರು:
ತೆಕ್ಕೊ ವಲೇರಿಯನ್, ಇಷ್ಟಕ್ಕೆ ಇನ್ನು ಸಿಕ್ಕುವುದಿಲ್ಲ.
ಪಪ್ಪ ನಕ್ಕರು. ಹೋಗುವ ಹೊತ್ತಿಗೆ ಜಾಗವಾ ಮಾರಾಯ?
ಈಗ ಅಲ್ಲಿ ಒಂಬತ್ತು ಮಾಳಿಗೆ, ಕೆಳಗೆ ಚಿನ್ನದಂಗಡಿ.
ಕಾರ್ಕಳದ ಬಸ್ಸಿನಲ್ಲಿ ಪಪ್ಪ
ಆ ಕಡೆಯ ಕಿಟಕಿಗೆ ಕೂರುತ್ತಿರಲಿಲ್ಲ.

ತಿಂಗಳಿಗೊಮ್ಮೆ ಹಂಪನಕಟ್ಟೆಯ ಸೈಬರಿಗೆ ಹೋಗಿ
ತಾರೀಕು ನೋಡಿ ಬರುತ್ತಿದ್ದರು.
ಎರಡು ವಾರ ಮುಂದೆ ಬಂದಿದೆ, ಅನ್ನುತ್ತಿದ್ದರು, ಚಪ್ಪಲಿ ಬಿಡುವ ಮೊದಲೇ.
ಕೆಲವು ತಿಂಗಳು ಅದು ಹಿಂದಕ್ಕೂ ನಡೆಯುತ್ತಿತ್ತು,
ಆ ದಿನ ಚಪ್ಪಲಿಯ ಶಬ್ದವೇ ಹೇಳುತ್ತಿತ್ತು.
ಇಗರ್ಜಿಯ ಕ್ಯಾಲೆಂಡರಿನಲ್ಲಿ ಎರಡು ಸಾವಿರದ ಹನ್ನೊಂದು,
ನಮ್ಮ ಸಾಲಿನಲ್ಲಿ ಇನ್ನೂ ಎರಡು ಸಾವಿರ.

ಮಾವ್ಶಿ ಕಳಿಸಿದ ಕೋಟುಗಳು ಟ್ರಂಕಿನಲ್ಲಿದ್ದವು, ನುಸಿಗುಳಿಗೆಯ ಜೊತೆ.
ಮೇ ತಿಂಗಳ ಸೆಕೆಯಲ್ಲಿ ತೆಗೆದು
ನನಗೂ ರೈಲನ್‌ಗೂ ತೊಡಿಸಿ ನೋಡುವುದು.
ತೋಳು ಗಿಡ್ಡ ಆಗಿದೆಯಲ್ಲ, ಅಂತ ಮಮ್ಮಿ ನನ್ನನ್ನೇ ಬೈದಳು ಒಮ್ಮೆ.

ಸರಿಯೇ. ಕಾಯುವಾಗ ನಾನು ಬೆಳೆಯಬಾರದಿತ್ತು.

ಮುಂಬಯಿಯಲ್ಲಿ ಗಾಜಿನ ಹಿಂದೆ ಕೂತ ಹೆಂಗಸು ಒಳ್ಳೆಯವಳೇ.
ಮೂರು ಪಾಸ್‌ಪೋರ್ಟ್ ಇಟ್ಟುಕೊಂಡು
ಒಂದನ್ನು ಕಿಂಡಿಯಿಂದ ಈಚೆ ತಳ್ಳಿದಳು.
ಇಪ್ಪತ್ತೊಂದು ದಾಟಿದವರು ಮಕ್ಕಳಲ್ಲವಂತೆ.
ವಾಪಸು ರೈಲಿನಲ್ಲಿ ರತ್ನಗಿರಿಯ ತನಕ ಮಾತಿಲ್ಲ.
ಅಲ್ಲಿ ಪಪ್ಪ ಟೀ ತಂದರು, ನಾಲ್ಕು.
ರೈಲನ್ ಒಬ್ಬನಿಗಾದರೂ, ಅಂದಳು ಮಮ್ಮಿ ಲೋಟಕ್ಕೆ ಊದುತ್ತ.
ಮೊದಲು ಹೂಂ ಅಂದದ್ದು ನಾನೇ.
ಅದನ್ನು ಅವಳು ಇವತ್ತಿಗೂ ಕ್ಷಮಿಸಿಲ್ಲ.

ಈಗ ಅವರಲ್ಲಿ ಎರಡು ಬಾಗಿಲಿನ ಫ್ರಿಜ್ಜು,
ಲೋಟ ಒತ್ತಿದರೆ ಹೊರಗೇ ಐಸು ಉದುರುತ್ತದೆ.
ಪಪ್ಪ ರಾತ್ರಿ ಅಂಗಡಿಯಲ್ಲಿ ಡಬ್ಬ ಜೋಡಿಸುತ್ತಾರೆ,
ಮಮ್ಮಿ ಆಸ್ಪತ್ರೆಯಲ್ಲಿ ಹಾಸಿಗೆಬಟ್ಟೆ ಮಡಚುತ್ತಾಳೆ,
ಒಬ್ಬರು ಏಳುವಾಗ ಇನ್ನೊಬ್ಬರು ಮಲಗುತ್ತಾರೆ.
ಮಾವ್ಶಿಯೊಡನೆ ಮಾತು ಬಿಟ್ಟಿದೆ, ಬೇಸ್‌ಮೆಂಟಿನ ಬಾಡಿಗೆಯ ವಿಷಯ.
ಕಾರು ದೊಡ್ಡದು. ಫೋಟೋದಲ್ಲಿ ಪಪ್ಪ ಅದರ ಪಕ್ಕ ನಿಂತಿದ್ದಾರೆ,
ಯಾರದೋ ಕಾರಿನ ಪಕ್ಕ ನಿಂತ ಹಾಗೆ.

ನನಗೂ ಅರ್ಜಿ ಹಾಕಿದ್ದಾರೆ.
ಹೊಸ ನಂಬರು, ಹೊಸ ತಾರೀಕು, ಎಷ್ಟೋ ವರ್ಷ.
ಅಲ್ಲಿಯವರೆಗೆ ಮದುವೆಯಾಗಬಾರದು,
ಆದರೆ ಅರ್ಜಿ ಸತ್ತ ಹಾಗೆ.
ಪಣಂಬೂರಿನಲ್ಲಿ ಕ್ರೇನು ನಡೆಸುವ ಆನ್ಸಿಲ್‌ಗೆ ಇದೆಲ್ಲ ಹೇಳಿದೆ.
ಅವನು ಬಹಳ ಹೊತ್ತು ಹಡಗನ್ನೇ ನೋಡಿದ.
ಆಮೇಲೆ, ಮೊಂತಿ ಹಬ್ಬಕ್ಕೆ ನಿನ್ನ ಮನೆಗೆ
ಎಷ್ಟು ತರಕಾರಿ ತರಬೇಕು, ಅಂತ ಕೇಳಿದ.

ಮೊದಲ ಸಂಬಳಕ್ಕೆ ಮಿಕ್ಸಿ ತಂದೆ.
ಸಂಜೆ ಆರೂವರೆಗೆ, ನೈಟ್ ಶಿಫ್ಟ್ ಮುಗಿಸಿ ಮಮ್ಮಿಯ ಫೋನು.
ಅದೆಂತ ಶಬ್ದ?
ಮಿಕ್ಸಿ.
ಬೈಯುತ್ತಾಳೆ ಅಂದುಕೊಂಡೆ, ಆರು ವರ್ಷಕ್ಕೋ ಎಂಟಕ್ಕೋ
ಹೋಗುವವಳಿಗೆ ಎಂತಕ್ಕೆ, ಅಂತ.
ಆ ಕಡೆ ಸುಮ್ಮನೆ ಉಸಿರು.
ಮತ್ತೆ,
ಇನ್ನೊಮ್ಮೆ ತಿರುಗಿಸು, ಅಂದಳು.

ಮಸಾಲೆ ಆಗಲೇ ಸಾರಿಗೆ ಹೋಗಿತ್ತು.
ಫೋನನ್ನು ಹತ್ತಿರ ಹಿಡಿದು
ಖಾಲಿ ಜಾರನ್ನೇ ತಿರುಗಿಸಿದೆ.